ಮೇನಾರ್ಡ್, ಬ್ರೇಶಾ ಮತ್ತು 9.17: ಮೆಲ್ಬರ್ನ್ ಸೋತಿದ್ದು ಯಾರ ದೆಸೆಯಿಂದ?

ಕೆಂಪು-ನೀಲಿ

ಆಫ್ ಸೀಸನ್ ಬಂದರೆ ನನಗೆ ಹಳೇ ಫೂಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಆಟಗಳನ್ನು ಹಾಕಿಕೊಂಡು ನೋಡುವ ಕೆಟ್ಟ ಚಟ. 2023ರ ಸೆಪ್ಟೆಂಬರ್ 7ರ ಆಟ ಮತ್ತೆ ನೋಡಿದೆ, ಮತ್ತೆ ಮೈ ಉರಿಯಿತು. ಎಂಸಿಜಿಯಲ್ಲಿ ಕ್ವಾಲಿಫೈಯಿಂಗ್ ಫೈನಲ್, ನಮ್ಮ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್.

ಇನ್ನೂ ಮೊದಲ ಕ್ವಾರ್ಟರ್. ಆಂಗಸ್ ಬ್ರೇಶಾ ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಓಡಿ ಬರುತ್ತಾನೆ, ಚೆಂಡನ್ನು ಮುಂದಕ್ಕೆ ಒದೆಯುತ್ತಾನೆ. ಎದುರಿನಿಂದ ಬ್ರೇಡನ್ ಮೇನಾರ್ಡ್ ಕೈ ಮೇಲೆತ್ತಿ ಹಾರುತ್ತಾನೆ. ಚೆಂಡು ದಾಟಿ ಹೋಗುತ್ತದೆ. ಅವನು ಗಾಳಿಯಲ್ಲೇ ಮೈ ತಿರುಗಿಸುತ್ತಾನೆ, ಭುಜ ಸೀದಾ ಬ್ರೇಶಾನ ತಲೆಗೆ. ಆಮೇಲೆ ಸ್ಟ್ರೆಚರ್. 2024ರ ಫೆಬ್ರವರಿಯಲ್ಲಿ, 28ನೇ ವಯಸ್ಸಿಗೆ, ವೈದ್ಯರ ಸಲಹೆ ಮೇಲೆ ಬ್ರೇಶಾ ಆಟವನ್ನೇ ಬಿಟ್ಟ.

ಮೇನಾರ್ಡ್‌ಗೆ ಶಿಕ್ಷೆ ಎಷ್ಟು? ಸೊನ್ನೆ. ಅದೇ ತಿಂಗಳ 30ಕ್ಕೆ ಅದೇ ಮೈದಾನದಲ್ಲಿ ಗ್ರ್ಯಾಂಡ್ ಫೈನಲ್ ಆಡಿ ಕಪ್ ಎತ್ತಿದ.

ನಾವು ಅವತ್ತು 60–53ರಲ್ಲಿ ಸೋತೆವು. ಮುಂದಿನ ವಾರ ಸೆಮಿಫೈನಲ್‌ನಲ್ಲಿ ಕಾರ್ಲ್ಟನ್ ಕೈಯಲ್ಲಿ 2 ಪಾಯಿಂಟ್‌ನಿಂದ ಸೋತು ಮನೆಗೆ. ನನ್ನ ಪ್ರಕಾರ ಮೆಲ್ಬರ್ನ್ ತಂಡ ಮುರಿದಿದ್ದು ಆ ಕ್ಷಣದಲ್ಲಿ. ಇವತ್ತು ನೋಡಿ, ಕೋಚ್ ಸೈಮನ್ ಗುಡ್ವಿನ್ ಇಲ್ಲ, ನಮ್ಮ ದೊಡ್ಡ ಆಟಗಾರರಲ್ಲಿ ಪೆಟ್ರಾಕಾ ಗೋಲ್ಡ್ ಕೋಸ್ಟ್‌ಗೆ ಹೋದ, ಆಲಿವರ್ ಜಿಡಬ್ಲ್ಯುಎಸ್‌ಗೆ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ಹೋದ. ಏನಂತೀರಿ?

ಕಪ್ಪು-ಬಿಳುಪು

ಬಂತಪ್ಪಾ, ಮತ್ತೆ ಅದೇ ಪುರಾಣ.

ಬ್ರೇಶಾಗೆ ಆಗಿದ್ದು ನೋಡಿ ಕಾಲಿಂಗ್‌ವುಡ್‌ನವರಾದ ನಮಗೂ ಹೊಟ್ಟೆ ಕಿವುಚಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಮದರ್ ಮಾಡಲು ಹಾರಿದವನನ್ನು ಗೂಂಡಾ ಥರ ತೋರಿಸಬೇಡಿ ಗುರುವೇ. ಮ್ಯಾಚ್ ರಿವ್ಯೂ ಅಧಿಕಾರಿ ಮೈಕಲ್ ಕ್ರಿಶ್ಚಿಯನ್ ಅವರೇ ಇದರಲ್ಲಿ ಕೇಸಿಲ್ಲ ಎಂದಿದ್ದರು. ಲೀಗ್ ನಡೆಸುವ ಎಎಫ್‌ಎಲ್‌ನ ಲಾರಾ ಕೇನ್ ನಡುವೆ ಬಂದು ಶಿಸ್ತು ವಿಚಾರಣೆಯ ಟ್ರಿಬ್ಯುನಲ್‌ಗೆ ಕಳಿಸಿದರು. ಅಲ್ಲಿ ಬಯೋಮೆಕ್ಯಾನಿಕ್ಸ್ ತಜ್ಞರು ಬಂದು, ನೆಲ ಬಿಟ್ಟ ಮೇಲೆ ಮನುಷ್ಯ ತನ್ನ ದಾರಿ ಬದಲಿಸಲು ಆಗುವುದಿಲ್ಲ ಎಂದು ವಿವರಿಸಿದರು. ಟ್ರಿಬ್ಯುನಲ್ ಬಿಟ್ಟುಬಿಟ್ಟಿತು. ಎಎಫ್‌ಎಲ್ ಮೇಲ್ಮನವಿಗೂ ಹೋಗಲಿಲ್ಲ. ಇನ್ನೇನು ಬೇಕು?

ಟಾರ್ನೀಟ್ ಹೊಸಬ

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಾನು ಕ್ರಿಕೆಟ್ ನೋಡಿ ಬೆಳೆದವನು, ಫೂಟಿ ಈಗ ಕಲಿಯುತ್ತಿದ್ದೇನೆ. ಸ್ಮದರ್ ಎಂದರೆ ಏನು? ಮೈದಾನದಲ್ಲೇ ಅಂಪೈರ್ ಯಾಕೆ ಆಟಗಾರನನ್ನು ಹೊರಗೆ ಕಳಿಸುವುದಿಲ್ಲ? ಸಾಕರ್‌ನಲ್ಲಿ ಕೆಂಪು ಕಾರ್ಡ್ ಇದೆ, ಅಲ್ವಾ?

ಭಾನುವಾರದ ಶಿಳ್ಳೆ

ನಾನು ಮಕ್ಕಳ ಲೀಗ್‌ನಲ್ಲಿ ಅಂಪೈರಿಂಗ್ ಮಾಡುತ್ತೇನೆ, ಅದಕ್ಕೇ ಈ ಹೆಸರು.

ಎದುರಾಳಿ ಒದ್ದ ಚೆಂಡನ್ನು ಅವನ ಕಾಲಿನಿಂದ ಹೊರಡುತ್ತಿದ್ದಂತೆಯೇ ಕೈಯಿಂದಲೋ ಮೈಯಿಂದಲೋ ಅಡ್ಡಗಟ್ಟುವುದೇ ಸ್ಮದರ್. ಒಳ್ಳೇ ಸ್ಮದರ್‌ಗೆ ಇಡೀ ಸ್ಟೇಡಿಯಂ ಎದ್ದು ಕೂಗುತ್ತದೆ.

ಕೆಂಪು ಕಾರ್ಡ್ ಊರ ಲೀಗ್‌ಗಳಲ್ಲಿ ಇದೆ, ಎಎಫ್‌ಎಲ್‌ನಲ್ಲಿ ಇಲ್ಲ. ಅಲ್ಲಿ ಶಿಕ್ಷೆ ಏನಿದ್ದರೂ ಆಟ ಮುಗಿದ ಮೇಲೆ. ಮೂರು ವಿಷಯ ನೋಡುತ್ತಾರೆ. ಬೇಕೆಂದೇ ಮಾಡಿದನೋ, ಅಜಾಗರೂಕತೆಯೋ? ತಲೆಗೆ ಬಿತ್ತೋ, ಮೈಗೆ ಬಿತ್ತೋ? ಪೆಟ್ಟು ಎಷ್ಟು ಜೋರು? ಅಜಾಗರೂಕತೆಯಿಂದ ತಲೆಗೆ ಬಿದ್ದರೆ, ಪೆಟ್ಟು ಸಣ್ಣದಾದರೆ ದಂಡ, ಮಧ್ಯಮವಾದರೆ ಒಂದು ಆಟ, ಜೋರಾದರೆ ಎರಡು, ತೀರಾ ಜೋರಾದರೆ ಮೂರು ಅಥವಾ ಜಾಸ್ತಿ. ಗಲಾಟೆ ಎಲ್ಲ ಈ ಕೊನೆಯ ಪ್ರಶ್ನೆಯದೇ. ಪೆಟ್ಟು ಎಷ್ಟು ಜೋರು ಎಂಬುದನ್ನು ಅಳೆಯುವುದು ಹೆಚ್ಚಾಗಿ ಬಿದ್ದವನ ಸ್ಥಿತಿ ನೋಡಿ. ಒಂದೇ ಕೆಲಸ ಇಬ್ಬರು ಮಾಡುತ್ತಾರೆ, ಒಬ್ಬನ ಎದುರಾಳಿ ಎದ್ದು ಓಡುತ್ತಾನೆ, ಇನ್ನೊಬ್ಬನ ಎದುರಾಳಿ ಏಳುವುದಿಲ್ಲ. ಶಿಕ್ಷೆ ಬೇರೆ ಬೇರೆ.

ಪರ್ತ್ ಪಡಸಾಲೆ

ಬ್ರೇಶಾ ಮನೆತನದ ಕಥೆ ಶುರುವಾಗಿದ್ದು ನಮ್ಮೂರಲ್ಲಿ, ಅದನ್ನು ಯಾರೂ ಹೇಳಲಿಲ್ಲ.

2018ರ ಆಗಸ್ಟ್, ನಮ್ಮ ಕಡೆಯ ಎರಡು ತಂಡಗಳ ವೆಸ್ಟರ್ನ್ ಡರ್ಬಿ. ನಮ್ಮ ವೆಸ್ಟ್ ಕೋಸ್ಟ್‌ನ ಆಂಡ್ರ್ಯೂ ಗ್ಯಾಫ್ ಚೆಂಡು ಎಲ್ಲೋ ಇದ್ದಾಗ ಫ್ರೀಮ್ಯಾಂಟಲ್‌ನ ಹುಡುಗನಿಗೆ ಮುಷ್ಟಿಯಿಂದ ಹೊಡೆದ. ಆ ಹುಡುಗ ಆಂಡ್ರ್ಯೂ ಬ್ರೇಶಾ, ಆಂಗಸ್‌ನ ತಮ್ಮ, ಆಗ 18 ವರ್ಷ. ದವಡೆ ಮುರಿಯಿತು. ಗ್ಯಾಫ್‌ಗೆ 8 ಆಟ ನಿಷೇಧ. ಇನ್ನೊಬ್ಬ ಸಹೋದರ ಹೇಮಿಶ್ ಆಗ ಗ್ಯಾಫ್ ಜೊತೆಗೇ ವೆಸ್ಟ್ ಕೋಸ್ಟ್‌ನಲ್ಲಿದ್ದ. ಆ ಮನೆಯ ಊಟದ ಮೇಜಿನ ಸುತ್ತ ಏನು ಮಾತಾಗಿರಬಹುದು, ನೀವೇ ಯೋಚಿಸಿ.

ಗ್ಯಾಫ್ ಎಂದರೆ ಮೈದಾನದಲ್ಲಿ ಒಳ್ಳೇ ಹುಡುಗ ಎಂದು ಹೆಸರು ಮಾಡಿದವನು. ಆ ವರ್ಷ ನಾವು ಕಪ್ ಗೆದ್ದೆವು, ಅವನು ಹೊರಗೆ ಕೂತ. ನಮ್ಮಲ್ಲಿ ಯಾರೂ ಆ ಶಿಕ್ಷೆ ಜಾಸ್ತಿಯಾಯಿತು ಎಂದು ಬೀದಿಗಿಳಿಯಲಿಲ್ಲ. ಮುಷ್ಟಿ ಬೇರೆ, ಸ್ಮದರ್ ಬೇರೆ.

ಕಪ್ಪು-ಬಿಳುಪು

2018ರ ಗ್ರ್ಯಾಂಡ್ ಫೈನಲ್ ಎತ್ತಿದ್ದಕ್ಕೆ ಧನ್ಯವಾದ ಪರ್ತ್ ಅಣ್ಣಾ! ನೀವು ಗೆದ್ದಿದ್ದು 79–74. ಕೊನೆಯ ನಿಮಿಷಗಳಲ್ಲಿ ಡಾಮ್ ಶೀಡ್ ಬೌಂಡರಿ ಅಂಚಿನಿಂದ ಗೋಲ್ ಹೊಡೆದ. ಅದ್ಭುತ ಕಿಕ್, ಒಪ್ಪಿದೆ. ಅದಕ್ಕೆ ಮೊದಲು ಶೀಡ್ ಮಾರ್ಕ್ ಹಿಡಿದಾಗ (ಒದ್ದ ಚೆಂಡನ್ನು ಕ್ಯಾಚ್ ಹಿಡಿದಾಗ) ವಿಲ್ಲಿ ರಿಯೊಲಿ ಒಬ್ಬನನ್ನು ಅಡ್ಡಗಟ್ಟಿದ, ನೆನಪಿದೆಯಾ? ಅಡ್ಡಗಟ್ಟಿಸಿಕೊಂಡವನು ಯಾರು? ಇದೇ ಬ್ರೇಡನ್ ಮೇನಾರ್ಡ್. ಫ್ರೀ ಕಿಕ್ ಕೊಟ್ಟಿದ್ದರೆ ಕಪ್ ನಮ್ಮದು.

ಮೇನಾರ್ಡ್‌ಗೆ ಬರೀ ಅದೃಷ್ಟ ಎನ್ನುವವರು ಇದನ್ನೂ ನೋಡಲಿ.

ಪರ್ತ್ ಪಡಸಾಲೆ

ಅಂಪೈರ್ ಕೊಡಲಿಲ್ಲ, ಅಷ್ಟೇ. ಆ ಆಟದಲ್ಲಿ ಕಾಲಿಂಗ್‌ವುಡ್ ಮೊದಲ ಐದು ಗೋಲ್ ಹೊಡೆದಿತ್ತು. ಅಷ್ಟು ಮುಂದೆ ಇದ್ದವರು ಒಂದು ಫ್ರೀ ಕಿಕ್‌ಗಾಗಿ ಇಷ್ಟು ವರ್ಷ ಅಳುವುದಾ?

ಕೆಂಪು-ನೀಲಿ

ನೋಡಿದಿರಾ, ಪೈಸ್ (ಕಾಲಿಂಗ್‌ವುಡ್) ಅಭಿಮಾನಿಗಳು ಒಂದು ಬ್ಲಾಕ್‌ಗೆ ಇಷ್ಟು ಗೋಳಾಡಬಹುದು. ನಾವು ಒಬ್ಬ ಆಟಗಾರನನ್ನೇ ಕಳೆದುಕೊಂಡೆವು, ನಾವು ಮಾತಾಡಬಾರದು.

ನನ್ನ ವಾದ ಸರಳ. ಹಾರುವುದು ಅವನ ಆಯ್ಕೆ. ಎದುರಿಗೆ ಮನುಷ್ಯ ಓಡಿ ಬರುತ್ತಿದ್ದಾನೆ ಎಂದು ಕಾಣುತ್ತಿತ್ತು. ಹಾರಿದರೆ ಎಲ್ಲಿ ಬೀಳುತ್ತೇನೆ ಎಂದು ಯೋಚಿಸಬೇಕಾದವನು ಅವನೇ. ಗಾಳಿಯಲ್ಲಿ ಏನೂ ಮಾಡಲಾಗಲಿಲ್ಲ ಎಂದರೆ ಆಯಿತಾ? ಗಾಳಿಗೆ ಏರಿದ್ದು ಯಾರು?

ಅಡಿಲೇಡ್ ಅಕ್ಕ

ಕೆಂಪು-ನೀಲಿಯವರ ಈ ಮಾತಿನಲ್ಲಿ ತೂಕ ಇದೆ. ನಾನು ಕ್ರೋಸ್ (ಅಡಿಲೇಡ್) ಅಭಿಮಾನಿ, ಇಬ್ಬರ ಪರವೂ ಅಲ್ಲ. ತಲೆಪೆಟ್ಟನ್ನು ಆಟದ ಭಾಗ ಎನ್ನುವ ಕಾಲ ಮುಗಿಯಿತು. ನಮ್ಮ ಮಹಿಳಾ ತಂಡದ ಹೆದರ್ ಆಂಡರ್ಸನ್ 2017ರಲ್ಲಿ ಕಪ್ ಗೆದ್ದವಳು. 2022ರಲ್ಲಿ, ಇನ್ನೂ 28ರಲ್ಲಿ, ತೀರಿಕೊಂಡಳು. ಅವಳ ಮಿದುಳಿನಲ್ಲಿ ಸಿಟಿಇ ಇತ್ತು ಎಂದು ಆಮೇಲೆ ಗೊತ್ತಾಯಿತು. ಸೇಂಟ್ ಕಿಲ್ಡಾ ನಾಯಕನಾಗಿದ್ದ ಡ್ಯಾನಿ ಫ್ರಾಲಿ, ರಿಚ್ಮಂಡ್‌ನ ಶೇನ್ ಟಕ್, ಇವರಿಬ್ಬರಲ್ಲೂ ಅದೇ. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಬರುವ ರೋಗ ಅದು, ಬದುಕಿದ್ದಾಗ ಖಚಿತವಾಗಿ ಪತ್ತೆ ಹಚ್ಚಲೂ ಆಗುವುದಿಲ್ಲ.

ಈಗ ತಲೆಪೆಟ್ಟಾದವನು ಕನಿಷ್ಠ 12 ದಿನ ಆಡುವಂತಿಲ್ಲ. ಅಂದರೆ ಪೆಟ್ಟು ತಿಂದವನಿಗೆ ಒಂದು ವಾರ ಗ್ಯಾರಂಟಿ ರಜೆ. ಕೊಟ್ಟವನು ಆಡುತ್ತಾನೆ. ಫೈನಲ್ಸ್ ಸಮಯದಲ್ಲಿ ಇದು ಇನ್ನೂ ಅನ್ಯಾಯ ಅನಿಸುತ್ತದೆ.

ಕಪ್ಪು-ಬಿಳುಪು

ಅಕ್ಕ, ನಿಮ್ಮ ಮಾತಿಗೆ ಎದುರು ಮಾತಾಡುವುದು ಕಷ್ಟ. ಆದರೂ ಒಂದು ಕೇಳುತ್ತೇನೆ. 2024ರ ಕಿಂಗ್ಸ್ ಬರ್ತ್‌ಡೇ ಆಟದಲ್ಲಿ ಪೆಟ್ರಾಕಾ ನಮ್ಮ ಡಾರ್ಸಿ ಮೂರ್‌ನ ಮಂಡಿಗೆ ಡಿಕ್ಕಿ ಹೊಡೆದ. ಗುಲ್ಮ ಹರಿಯಿತು, ಪಕ್ಕೆಲುಬು ಮುರಿಯಿತು, ಆಸ್ಪತ್ರೆ ಸೇರಿದ. ಜೀವಕ್ಕೇ ಅಪಾಯವಿತ್ತು. ಮೂರ್‌ಗೆ ಶಿಕ್ಷೆ ಕೊಡಿ ಎಂದು ಮೆಲ್ಬರ್ನ್‌ನವರೇ ಕೇಳಲಿಲ್ಲ, ಯಾಕೆ? ಇಬ್ಬರೂ ಚೆಂಡಿಗೆ ಹೋದವರು ಎಂದು. ಗಾಯ ದೊಡ್ಡದಾದ ಮಾತ್ರಕ್ಕೆ ತಪ್ಪು ದೊಡ್ಡದಾಗುವುದಿಲ್ಲ ಎಂದು ಅವರಿಗೂ ಗೊತ್ತು.

ಇನ್ನೊಂದಿದೆ, ಅದನ್ನು ಕೆಂಪು-ನೀಲಿಯವರು ಮರೆತ ಹಾಗಿದೆ. 2023ರ ಮೇ ತಿಂಗಳು. ನಿಮ್ಮ ಜೇಕಬ್ ವ್ಯಾನ್ ರೂಯೆನ್ ಚೆಂಡನ್ನು ಸ್ಪಾಯಿಲ್ ಮಾಡಲು (ಎದುರಾಳಿ ಹಿಡಿಯದಂತೆ ಗುದ್ದಲು) ಹೋಗಿ ಗೋಲ್ಡ್ ಕೋಸ್ಟ್‌ನ ಚಾರ್ಲಿ ಬ್ಯಾಲರ್ಡ್‌ಗೆ ತಾಗಿಸಿದ. ಬ್ಯಾಲರ್ಡ್ ಆಸ್ಪತ್ರೆಗೆ. ಎರಡು ಆಟ ನಿಷೇಧ ಎಂದರು. ಟ್ರಿಬ್ಯುನಲ್ ಎತ್ತಿ ಹಿಡಿಯಿತು. ನೀವು ಮೇಲ್ಮನವಿಗೆ ಹೋಗಿ ಗೆದ್ದಿರಿ. ಆವಾಗ ನೀವೆಲ್ಲ ಏನು ಹೇಳಿದಿರಿ? ‘ಅವನ ಕಣ್ಣು ಚೆಂಡಿನ ಮೇಲಿತ್ತು, ಇದು ಆಟದ ಭಾಗ.’ ಮೇ ತಿಂಗಳಲ್ಲಿ ಆಟದ ಭಾಗ, ಸೆಪ್ಟೆಂಬರ್‌ನಲ್ಲಿ ಅಪರಾಧ. ಜೆರ್ಸಿ ಬಣ್ಣ ಬದಲಾಯಿತು, ಅಷ್ಟೇ ತಾನೇ?

ಟಾರ್ನೀಟ್ ಹೊಸಬ

ಇದಕ್ಕೆ ಕೆಂಪು-ನೀಲಿ ಸಾರ್ ಉತ್ತರ ಕೊಡಲೇಬೇಕು 😄

ಕೆಂಪು-ನೀಲಿ

ಕೊಡುತ್ತೇನೆ. ವ್ಯಾನ್ ರೂಯೆನ್ ಕೈ ಚಾಚಿದ್ದು ಚೆಂಡಿಗೆ, ಕೈಯೇ ತಾಗಿದ್ದು. ಮೇನಾರ್ಡ್ ಚೆಂಡು ದಾಟಿದ ಮೇಲೆ ಭುಜ ಮುಂದೆ ಮಾಡಿದ. ವ್ಯತ್ಯಾಸ ಇದೆ.

ಅದೂ ಅಲ್ಲದೆ, ಅದೇ ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ಕಾಲಿಂಗ್‌ವುಡ್‌ನ ಡ್ಯಾನ್ ಮೆಕ್‌ಸ್ಟೇಗೆ ಹೊಡೆದ ಎಂದು ಅದೇ ವ್ಯಾನ್ ರೂಯೆನ್‌ಗೆ ಒಂದು ಆಟ ನಿಷೇಧ ಹಾಕಿದರು. ಅದೇ ವಾರ ಟ್ರಿಬ್ಯುನಲ್‌ಗೆ ಹೋದೆವು, ಕೇಳಲಿಲ್ಲ. ಮೇನಾರ್ಡ್ ಖುಲಾಸೆ, ನಮ್ಮ ಫಾರ್ವರ್ಡ್ ಸೆಮಿಫೈನಲ್‌ಗೆ ಹೊರಗೆ. ಗಾಯಕ್ಕೆ ಉಪ್ಪು.

ಕಪ್ಪು-ಬಿಳುಪು

ಮೆಕ್‌ಸ್ಟೇಗೆ ಬಿದ್ದದ್ದು ಸ್ಮದರ್ ಅಲ್ಲ. ನೀವೇ ಬೇಕಾದರೆ ಇನ್ನೊಮ್ಮೆ ಹಾಕಿ ನೋಡಿ.

ಭಾನುವಾರದ ಶಿಳ್ಳೆ

ಇಬ್ಬರೂ ಸುಮ್ನೆ ಒಂದೇ ಆಟದ ಸುತ್ತ ತಿರುಗುತ್ತಿದ್ದೀರಿ. ವ್ಯವಸ್ಥೆ ಹೇಗೆ ಓಲಾಡುತ್ತದೆ ಎಂದು ನೋಡಬೇಕಾದರೆ 2024ರ ಜುಲೈ ನೋಡಿ. ಜಿಡಬ್ಲ್ಯುಎಸ್‌ನ ಟೋಬಿ ಬೆಡ್‌ಫರ್ಡ್, ಬ್ರಿಸ್ಬೇನ್‌ನ ಚಾರ್ಲಿ ಕ್ಯಾಮರನ್, ಇಬ್ಬರೂ ಟ್ಯಾಕಲ್ ಮಾಡಿದರು. ಇಬ್ಬರ ಎದುರಾಳಿಗಳಿಗೂ ತಲೆಪೆಟ್ಟಾಯಿತು. ಇಬ್ಬರಿಗೂ ಮೂರು ಮೂರು ಆಟ. ಟ್ರಿಬ್ಯುನಲ್ ಸರಿ ಎಂದಿತು. ಅಪೀಲ್ಸ್ ಬೋರ್ಡ್ ಇಬ್ಬರನ್ನೂ ಬಿಟ್ಟಿತು. ಒಂದೇ ವಾರದಲ್ಲಿ ಮೂರರಿಂದ ಸೊನ್ನೆ.

2022ರಲ್ಲಿ ಪ್ಯಾಟ್ರಿಕ್ ಕ್ರಿಪ್ಸ್‌ಗೂ ಹಾಗೇ ಆಯಿತು. ಕ್ಯಾಲಮ್ ಆ ಚೀಗೆ ಗುದ್ದಿದ್ದಕ್ಕೆ ಎರಡು ಆಟ, ಅಪೀಲಿನಲ್ಲಿ ರದ್ದು. ಆ ವರ್ಷ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಅವನಿಗೇ, 29 ವೋಟು. ಎರಡನೆಯವನಿಗೆ 28. ನಿಷೇಧ ಉಳಿದಿದ್ದರೆ ನಿಯಮದ ಪ್ರಕಾರ ಪದಕಕ್ಕೇ ಅನರ್ಹ. 2024ರಲ್ಲಿ ಸಿಡ್ನಿಯ ಐಸಾಕ್ ಹೀನಿ ಚೆಂಡಿಗೆ ದಾರಿ ಮಾಡಿಕೊಳ್ಳಲು ಕೈ ಹಿಂದಕ್ಕೆ ಬೀಸಿದ, ಅದು ಜಿಮ್ಮಿ ವೆಬ್‌ಸ್ಟರ್ ಮುಖಕ್ಕೆ ಬಿತ್ತು. ಒಂದು ಆಟ ನಿಷೇಧ, ಪದಕದ ಆಸೆ ಮುಗಿಯಿತು. ಆ ವರ್ಷ ಕ್ರಿಪ್ಸ್ 45 ವೋಟು ತೆಗೆದು ದಾಖಲೆ ಮಾಡಿದ, ಹಾಗಾಗಿ ಹೀನಿ ಗಲಾಟೆ ತಣ್ಣಗಾಯಿತು. ವೋಟು ಹತ್ತಿರ ಹತ್ತಿರ ಇದ್ದಿದ್ದರೆ ಸಿಡ್ನಿಯವರು ಇವತ್ತಿಗೂ ಸುಮ್ಮನಿರುತ್ತಿರಲಿಲ್ಲ.

ಕೆಲಸ ನೋಡಿ ಶಿಕ್ಷೆ ಕೊಡಿ, ಗಾಯ ನೋಡಿ ಅಲ್ಲ. ನನ್ನದು ಅಷ್ಟೇ.

ಅಡಿಲೇಡ್ ಅಕ್ಕ

ಹೇಳುವುದು ಸುಲಭ ಶಿಳ್ಳೆಯವರೇ. ಗಾಯ ನೋಡದಿದ್ದರೆ ಕ್ಲಬ್‌ಗಳು ಬದಲಾಗುತ್ತಿರಲಿಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಕೈ ಕಟ್ಟಿ ನೆಲಕ್ಕೆ ಅಪ್ಪಳಿಸುವ ಸ್ಲಿಂಗ್ ಟ್ಯಾಕಲ್‌ಗೆ ಚಪ್ಪಾಳೆ ಬೀಳುತ್ತಿತ್ತು. ಈಗ ಆಟಗಾರರು ಟ್ಯಾಕಲ್ ಮಾಡಿ ಎದುರಾಳಿಯನ್ನು ತಮ್ಮ ಮೇಲೆ ಎಳೆದುಕೊಂಡು ಬೀಳುವುದನ್ನು ಕಲಿತಿದ್ದಾರೆ. ನಿಷೇಧದ ಭಯ ಇಲ್ಲದೆ ಇದು ಆಗುತ್ತಿತ್ತಾ?

ಟಾರ್ನೀಟ್ ಹೊಸಬ

ಅಂಪೈರಿಂಗ್ ಬಗ್ಗೆ ಒಂದು ಕೇಳಲಾ? ಮೊನ್ನೆ ಸೀಸನ್‌ನಲ್ಲಿ ಮೊದಲ ಸಲ ಎಂಸಿಜಿಗೆ ಹೋಗಿದ್ದೆ. ಯಾರನ್ನಾದರೂ ಟ್ಯಾಕಲ್ ಮಾಡಿದ ತಕ್ಷಣ ಸುತ್ತ ಇದ್ದವರೆಲ್ಲ ‘ಬಾಆಆಲ್’ ಎಂದು ಕೂಗುತ್ತಾರೆ. ಪಕ್ಕದಲ್ಲಿ ಒಂದು ಅಜ್ಜಿ, ಮಡಿಲಲ್ಲಿ ಥರ್ಮಾಸ್ ಫ್ಲಾಸ್ಕು, ಅವರದೇ ಎಲ್ಲರಿಗಿಂತ ದೊಡ್ಡ ಗಂಟಲು. ಒಮ್ಮೆ ಅಂಪೈರ್ ಕೊಡುತ್ತಾರೆ, ಒಮ್ಮೆ ಕೊಡುವುದಿಲ್ಲ. ಎರಡೂ ನನಗೆ ಒಂದೇ ಥರ ಕಂಡವು.

ಭಾನುವಾರದ ಶಿಳ್ಳೆ

ಒಂದೇ ಥರ ಕಂಡರೆ ನೀವೂ ಫೂಟಿ ಅಭಿಮಾನಿ ಆದಿರಿ ಎಂದರ್ಥ.

ಚೆಂಡು ಹಿಡಿದವನಿಗೆ ಟ್ಯಾಕಲ್‌ಗೆ ಮೊದಲು ಅದನ್ನು ಕೊಟ್ಟುಬಿಡಲು ಸಮಯ ಇತ್ತಾ? ಇದ್ದರೆ, ಟ್ಯಾಕಲ್ ಆದ ತಕ್ಷಣ ಒದೆಯಬೇಕು ಅಥವಾ ಹ್ಯಾಂಡ್‌ಬಾಲ್ ಮಾಡಬೇಕು (ಮುಷ್ಟಿಯಿಂದ ಗುದ್ದಿ ದಾಟಿಸಬೇಕು). ಆಗಲಿಲ್ಲವೆಂದರೆ ಫ್ರೀ ಕಿಕ್. ಸಮಯ ಇರಲಿಲ್ಲವೆಂದರೆ ಅವನು ಪ್ರಾಮಾಣಿಕವಾಗಿ ಪ್ರಯತ್ನ ಪಟ್ಟರೆ ಸಾಕು. ‘ಸಮಯ ಇತ್ತಾ’ ಮತ್ತು ‘ಪ್ರಾಮಾಣಿಕವಾಗಿ’, ಈ ಎರಡನ್ನೂ ಅಂಪೈರ್ ಓಡುತ್ತಾ ಕ್ಷಣಾರ್ಧದಲ್ಲಿ ತೀರ್ಮಾನ ಮಾಡಬೇಕು. 2024ರ ಸೀಸನ್ ನಡುವೆಯೇ ಎಎಫ್‌ಎಲ್ ‘ಇಷ್ಟು ಸಮಯ ಕೊಡಬೇಡಿ, ಬೇಗ ಶಿಳ್ಳೆ ಊದಿ’ ಎಂದು ಹೇಳಿತು. ಮಾರ್ಚ್‌ನಲ್ಲಿ ಒಂದು ಅಳತೆ, ಜೂನ್‌ನಲ್ಲಿ ಇನ್ನೊಂದು. ಬೈಗುಳ ಮಾತ್ರ ಅಂಪೈರ್‌ಗೆ.

ಇವರಲ್ಲಿ ಹೆಚ್ಚಿನವರಿಗೆ ಇದು ಪೂರ್ತಿ ಹೊಟ್ಟೆಪಾಡಲ್ಲ, ವಾರವಿಡೀ ಬೇರೆ ಕೆಲಸ ಇರುತ್ತದೆ. 2023ರಿಂದ ಮೈದಾನದಲ್ಲಿ ಮೂವರ ಬದಲು ನಾಲ್ವರು. ಕಣ್ಣು ಜಾಸ್ತಿಯಾದವು. ನಾಲ್ವರ ಅಳತೆ ಒಂದೇ ಆಗಬೇಕಲ್ಲ, ಅದು ಇನ್ನೂ ಆಗಿಲ್ಲ.

ಪರ್ತ್ ಪಡಸಾಲೆ

ಅಂಪೈರ್ ಮೇಲೆ ಕರುಣೆ ಸರಿ. ಆದರೆ 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ಫ್ರೀ ಕಿಕ್ ಲೆಕ್ಕ ಬುಲ್‌ಡಾಗ್ಸ್‌ಗೆ 20, ಸಿಡ್ನಿಗೆ 8. ಇಡೀ ದೇಶ 62 ವರ್ಷ ಕಾದ ಬುಲ್‌ಡಾಗ್ಸ್ ಗೆಲ್ಲಲಿ ಎಂದಿತ್ತು. ಶಿಳ್ಳೆಯೂ ಹಾಗೇ ಅಂದುಕೊಂಡಿತ್ತು ಅನಿಸುತ್ತದೆ 😏

ಭಾನುವಾರದ ಶಿಳ್ಳೆ

20–8 ಎಂಬ ಲೆಕ್ಕ ಏನನ್ನೂ ಹೇಳುವುದಿಲ್ಲ. ಮೊದಲು ಚೆಂಡಿಗೆ ಕೈ ಹಾಕಿದವನಿಗೆ ಫ್ರೀ ಕಿಕ್ ಜಾಸ್ತಿ ಸಿಗುತ್ತದೆ, ಅದು ಆಟದ ಸ್ವಭಾವ. ಸಿಡ್ನಿಗೆ ಸಿಗಬೇಕಾದ ಒಂದೆರಡು ತಪ್ಪಿಹೋದವು ನಿಜ. ಆದರೂ 22 ಪಾಯಿಂಟ್ ಅಂತರ.

ಅಡಿಲೇಡ್ ಅಕ್ಕ

ಅಂಪೈರ್ ತಪ್ಪು ಅಂದರೆ ಏನು ಎಂದು ನಮ್ಮನ್ನು ಕೇಳಿ.

2023ರ ಆಗಸ್ಟ್, ಅಡಿಲೇಡ್ ಓವಲ್. ಸಿಡ್ನಿ ವಿರುದ್ಧ ನಾವು ಎರಡೇ ಪಾಯಿಂಟ್ ಹಿಂದೆ, ಆಟ ಮುಗಿಯಲು ಒಂದು ನಿಮಿಷದ ಆಸುಪಾಸು. ಬೆನ್ ಕೀಸ್ ಒದ್ದ ಚೆಂಡು ಕಂಬದ ಪಕ್ಕದಿಂದ ಒಳಗೆ ಹೋಯಿತು. ಕೀಸ್ ಆಗಲೇ ಜನರ ಕಡೆ ಓಡುತ್ತಿದ್ದ. ನಾವೆಲ್ಲ ಎದ್ದು ನಿಂತಿದ್ದೆವು. ಗೋಲ್ ಅಂಪೈರ್ ಒಂದೇ ಬೆರಳು ತೋರಿಸಿದರು. ಬಿಹೈಂಡ್, ಅಂದರೆ ಗೋಲಿನ ಆರು ಪಾಯಿಂಟ್ ಬದಲು ಒಂದೇ. ಚೆಂಡು ಕಂಬಕ್ಕೆ ತಾಗಿತು ಎಂದು ಅವರ ಲೆಕ್ಕ. ರಿವ್ಯೂ ಕೇಳಲಿಲ್ಲ. ಸಿಡ್ನಿಯವರು ಚೆಂಡು ಎತ್ತಿ ಒದ್ದರು, ಆಟ ಮುಂದೆ ಹೋಯಿತು. ದೊಡ್ಡ ಪರದೆಯಲ್ಲಿ ರಿಪ್ಲೇ ಬಂದಾಗ ಕಂಬಕ್ಕೂ ಚೆಂಡಿಗೂ ನಡುವೆ ಬೆಳಕು ಕಾಣುತ್ತಿತ್ತು.

ಒಂದು ಪಾಯಿಂಟ್‌ನಿಂದ ಸೋತೆವು. ಮರುದಿನ ಎಎಫ್‌ಎಲ್ ಮುಖ್ಯಸ್ಥ ಗಿಲನ್ ಮೆಕ್‌ಲಾಕ್ಲನ್ ಬಂದು ಅದು ಗೋಲೇ ಎಂದು ಒಪ್ಪಿಕೊಂಡರು. ಫಲಿತಾಂಶ ಬದಲಾಗಲಿಲ್ಲ. ಫೈನಲ್ಸ್ ಆಸೆ ಅಲ್ಲಿಗೇ ಮುಗಿಯಿತು.

ಟಾರ್ನೀಟ್ ಹೊಸಬ

ಅಕ್ಕ, ಕ್ಯಾಪ್ಟನ್ ಡಿಆರ್‌ಎಸ್ ಕೇಳಬಹುದಿತ್ತಲ್ಲ?

ಅಡಿಲೇಡ್ ಅಕ್ಕ

ಇಲ್ಲಿ ಕ್ಯಾಪ್ಟನ್‌ಗೆ ಆ ಹಕ್ಕಿಲ್ಲ ತಮ್ಮಾ. ಗೋಲ್ ಅಂಪೈರ್‌ಗೆ ಅನುಮಾನ ಬಂದರೆ ಕೇಳಬೇಕು, ಇಲ್ಲ ರಿವ್ಯೂ ಕೇಂದ್ರದಲ್ಲಿ ಕೂತವರು ತಾವಾಗಿ ಹೇಳಬೇಕು. ಅವತ್ತು ಇಬ್ಬರೂ ಹೇಳಲಿಲ್ಲ. 2009ರ ಗ್ರ್ಯಾಂಡ್ ಫೈನಲ್‌ನಲ್ಲಿ ಟಾಮ್ ಹಾಕಿನ್ಸ್ ಒದ್ದದ್ದು ಕಂಬಕ್ಕೆ ತಾಗಿದ್ದರೂ ಗೋಲ್ ಕೊಟ್ಟರು, 2011ರಲ್ಲಿ ಮತ್ತೆ ಅಂಥದ್ದೇ. ಅದಕ್ಕೇ 2012ರಲ್ಲಿ ರಿವ್ಯೂ ಬಂದಿದ್ದು. ಯಂತ್ರ ಇತ್ತು, ಬಳಸಲಿಲ್ಲ. ಅದೇ ಹೊಟ್ಟೆ ಉರಿ.

ಆ ಅಂಪೈರ್‌ನ ಮೇಲೆ ನನಗೆ ಕೋಪ ಇಲ್ಲ. ಆದರೆ ‘ಅಂಪೈರ್‌ನಿಂದ ಸೋತೆವು’ ಎಂದು ಎದೆ ತಟ್ಟಿ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ನಮಗಿದೆ. ಮೆಲ್ಬರ್ನ್‌ನವರಿಗೆ ಇಲ್ಲ.

ಕೆಂಪು-ನೀಲಿ

ಯಾಕಿಲ್ಲ ಅಕ್ಕ?

ಅಡಿಲೇಡ್ ಅಕ್ಕ

ಶೀರ್ಷಿಕೆಯಲ್ಲಿ ನೀವೇ 9.17 ಎಂದು ಹಾಕಿದ್ದೀರಿ. ಆ ಬಗ್ಗೆ ಒಂದು ಸಾಲೂ ಬರೆದಿಲ್ಲ!

ಪರ್ತ್ ಪಡಸಾಲೆ

ಅಕ್ಕನ ಬಾಯಿಗೆ ಸಕ್ಕರೆ. ನಾನು ಲೆಕ್ಕ ಕೊಡುತ್ತೇನೆ, ತಾಳಿ.

ಕಾಲಿಂಗ್‌ವುಡ್ ವಿರುದ್ಧದ ಆ ಆಟದಲ್ಲಿ ಮೆಲ್ಬರ್ನ್ ಫಾರ್ವರ್ಡ್ 50ರ (ಗೋಲಿನ ಮುಂದಿನ 50 ಮೀಟರ್) ಒಳಗೆ ಹೋಗಿದ್ದು 69 ಸಲ. ಕಾಲಿಂಗ್‌ವುಡ್ 37 ಸಲ. ಹತ್ತಿರ ಹತ್ತಿರ ದುಪ್ಪಟ್ಟು. ಅಷ್ಟಾಗಿ ಸ್ಕೋರು? ಮೆಲ್ಬರ್ನ್ 7.11, ಅಂದರೆ 7 ಗೋಲು 11 ಬಿಹೈಂಡ್, ಕಾಲಿಂಗ್‌ವುಡ್ 9.6. 69 ಸಲ ಬಾಗಿಲು ತಟ್ಟಿ ಏಳೇ ಗೋಲು.

ಮುಂದಿನ ವಾರ ಕಾರ್ಲ್ಟನ್ ವಿರುದ್ಧ ಮೆಲ್ಬರ್ನ್ 9.17, ಕಾರ್ಲ್ಟನ್ 11.7. ಅಂದರೆ 71–73. 26 ಸಲ ಸ್ಕೋರ್ ಮಾಡಿದವರು 18 ಸಲ ಮಾಡಿದವರ ಕೈಯಲ್ಲಿ ಸೋತರು. ಆ 17 ಬಿಹೈಂಡ್‌ಗಳಲ್ಲಿ ಒಂದೇ ಒಂದು ಗೋಲಾಗಿದ್ದರೆ 76–73, ಗೆಲುವು. ಕಾಲಿಂಗ್‌ವುಡ್ ವಿರುದ್ಧ ಎರಡು ಗೋಲಾಗಿದ್ದರೆ ಅದೂ ಗೆಲುವು. ಮೇನಾರ್ಡ್ ಗೋಲ್ ಕಂಬಗಳನ್ನು ಜರುಗಿಸಿರಲಿಲ್ಲ ಸ್ವಾಮಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕಪ್ಪು-ಬಿಳುಪು

👏👏 ಇದನ್ನೇ ಅಂದುಕೊಂಡಿದ್ದೆ, ನಾನು ಹೇಳಿದ್ದರೆ ಪೈಸ್ ಪಕ್ಷಪಾತ ಅನ್ನುತ್ತಿದ್ದರು.

ಕೆಂಪು-ನೀಲಿ

ಲೆಕ್ಕ ಗೊತ್ತಿದೆ, ಅದಕ್ಕೇ ಶೀರ್ಷಿಕೆಯಲ್ಲಿ ಹಾಕಿದ್ದು. ಆದರೆ ಫಾರ್ವರ್ಡ್ ಲೈನ್ ಯಾಕೆ ಹಾಗಾಯಿತು ಎಂದು ಕೇಳಿ. ಪೆಟ್ಟಿ, ಮೆಲ್ಕ್‌ಶಮ್ ಇಬ್ಬರೂ ಗಾಯ. ಸೆಮಿಗೆ ವ್ಯಾನ್ ರೂಯೆನ್ ನಿಷೇಧ. ನಡುವಿನಿಂದ ಚೆಂಡು ತರುವ ಬ್ರೇಶಾ ಆಸ್ಪತ್ರೆಯಿಂದ ಮನೆಗೆ. ಯಾರು ಗೋಲ್ ಹೊಡೆಯಬೇಕು?

ಪರ್ತ್ ಪಡಸಾಲೆ

ಅದು 2023ರ ಕಥೆ. 2022ರಲ್ಲಿ? ಎರಡನೇ ಸ್ಥಾನದಲ್ಲಿ ಮುಗಿಸಿ ಸಿಡ್ನಿ ಕೈಯಲ್ಲಿ, ಬ್ರಿಸ್ಬೇನ್ ಕೈಯಲ್ಲಿ ಸತತ ಸೋತು ಮನೆಗೆ ಹೋದಿರಿ. ಆವಾಗ ಮೇನಾರ್ಡ್ ಎಲ್ಲಿದ್ದ?

2021ರ ಗ್ರ್ಯಾಂಡ್ ಫೈನಲ್ ನಮ್ಮೂರಲ್ಲೇ ನಡೆಯಿತು. ನಾನು ಅಲ್ಲಿದ್ದೆ. ಮೂರನೇ ಕ್ವಾರ್ಟರ್‌ನಲ್ಲಿ ಬುಲ್‌ಡಾಗ್ಸ್ ಮುಂದೆ ಇತ್ತು. ಆಮೇಲೆ ಮೆಲ್ಬರ್ನ್ ಆಡಿದ ರೀತಿ! ಸೆಂಟರ್ ಬೌನ್ಸ್‌ನಿಂದ ಚೆಂಡು ತೆಗೆದು ಸೀದಾ ಮುಂದಕ್ಕೆ, ಒಂದರ ಮೇಲೊಂದು ಗೋಲು. 21.14, ಅಂದರೆ 140–66. ಬೇಲಿ ಫ್ರಿಚ್ ಒಬ್ಬನೇ 6 ಗೋಲು. 1964ರ ನಂತರ ನಿಮಗೆ ಅದೇ ಮೊದಲ ಕಪ್. ಆ ತಂಡದ ವೇಗ ಎಲ್ಲಿ ಹೋಯಿತು? ಆಮೇಲೆ ನಾನು ನೋಡಿದ ಮೆಲ್ಬರ್ನ್ ಚೆಂಡನ್ನು ಬೌಂಡರಿ ಪಕ್ಕ ನಿಧಾನ ತಂದು, ಫಾರ್ವರ್ಡ್ 50ರಲ್ಲಿ ಎದುರಾಳಿಗಳೆಲ್ಲ ಬಂದು ಸೇರಿದ ಮೇಲೆ, ಎತ್ತರಕ್ಕೆ ಒದ್ದು ದೇವರ ಮೇಲೆ ಭಾರ ಹಾಕುತ್ತಿತ್ತು. ಸ್ಟೀವನ್ ಮೇ, ಜೇಕ್ ಲೀವರ್ ಹಿಂದೆ ಗೋಡೆ ಕಟ್ಟಿದ್ದರಿಂದ ಲೀಗ್ ಹಂತದಲ್ಲಿ ಅದು ನಡೆಯಿತು. ಫೈನಲ್ಸ್‌ನಲ್ಲಿ ನಡೆಯಲಿಲ್ಲ. ಕೋಚ್ ಅದನ್ನು ಸರಿ ಮಾಡಲಿಲ್ಲ. 2024ರಲ್ಲಿ 14ನೇ ಸ್ಥಾನಕ್ಕೆ ಬಿದ್ದಿರಿ, 2025ರ ಆಗಸ್ಟ್‌ನಲ್ಲಿ ಗುಡ್ವಿನ್ ಕೆಲಸ ಹೋಯಿತು. ತಂಡ ಮುರಿದಿದ್ದು ಒಂದು ಜಿಗಿತದಿಂದ ಅಲ್ಲ.

ಕೆಂಪು-ನೀಲಿ

ಗೋಲ್ ಹೊಡೆಯುವ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಎತ್ತರಕ್ಕೆ ಒದೆಯುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು. ಆದರೆ ಬ್ರೇಶಾ ವಿಷಯ ಅದಕ್ಕೆ ಗಂಟು ಹಾಕಬೇಡಿ. ನಾವು 100 ಪಾಯಿಂಟ್‌ನಿಂದ ಗೆದ್ದಿದ್ದರೂ ಮೇನಾರ್ಡ್‌ಗೆ ಶಿಕ್ಷೆ ಆಗಬೇಕಿತ್ತು ಎನ್ನುತ್ತಿದ್ದೆ.

ಭಾನುವಾರದ ಶಿಳ್ಳೆ

ಇಷ್ಟು ಹೊತ್ತಿಗೆ ಎರಡನ್ನೂ ಬೇರೆ ಮಾಡಿದಿರಿ, ಸಂತೋಷ.

ಟಾರ್ನೀಟ್ ಹೊಸಬ

ಇನ್ನೊಂದು ಅನುಮಾನ. 2025ರಲ್ಲಿ ಅಡಿಲೇಡ್‌ನ ಐಸಾಕ್ ರಾಂಕಿನ್‌ಗೆ ಬೈಗುಳಕ್ಕೆ 4 ಆಟ ನಿಷೇಧ ಆಯಿತು ಎಂದು ಓದಿದೆ. ಪ್ರಜ್ಞೆ ತಪ್ಪಿಸಿದವನಿಗೆ ಸೊನ್ನೆ, ಬೈದವನಿಗೆ ನಾಲ್ಕಾ?

ಅಡಿಲೇಡ್ ಅಕ್ಕ

ಬರೀ ಬೈಗುಳ ಅಲ್ಲ. ಎದುರಾಳಿಯನ್ನು ಸಲಿಂಗಿ ಎಂದು ಹೀಯಾಳಿಸುವ ಮಾತು. 2024ರಲ್ಲಿ ಪೋರ್ಟ್ ಅಡಿಲೇಡ್‌ನ ಫಿನ್ಲೇಸನ್‌ಗೆ ಅಂಥದ್ದಕ್ಕೇ 3 ಆಟ, ಗೋಲ್ಡ್ ಕೋಸ್ಟ್‌ನ ವಿಲ್ ಪೊವೆಲ್‌ಗೆ 5. ರಾಂಕಿನ್‌ಗೆ ಮೊದಲು 5 ಎಂದು, ಆಮೇಲೆ 4 ಮಾಡಿದರು.

ನಮ್ಮ ಹುಡುಗ ಎಂದು ನಾನು ಬಿಟ್ಟುಕೊಡುವುದಿಲ್ಲ. ಚೆಂಡಿಗೆ ಹಾರುವಾಗ ತೀರ್ಮಾನಕ್ಕೆ ಕ್ಷಣವೂ ಸಿಗುವುದಿಲ್ಲ. ಬಾಯಿಂದ ಮಾತು ಬರಲು ಸಮಯ ಇದೆ. 1993ರಲ್ಲಿ ವಿಕ್ಟೋರಿಯಾ ಪಾರ್ಕ್‌ನಲ್ಲಿ ಜನ ಜನಾಂಗ ಎತ್ತಿ ಬೈದಾಗ ನಿಕಿ ವಿನ್ಮಾರ್ ಜೆರ್ಸಿ ಎತ್ತಿ ತನ್ನ ಚರ್ಮ ತೋರಿಸಿ ನಿಂತ. ಎರಡು ವರ್ಷ ಆದ ಮೇಲೆ ಮೈಕಲ್ ಲಾಂಗ್ ಪಟ್ಟು ಹಿಡಿದ ಮೇಲೆಯೇ ಲೀಗ್ ಜನಾಂಗ ನಿಂದನೆಗೆ ನಿಯಮ ಮಾಡಿತು. ಇಷ್ಟೆಲ್ಲ ಆದ ಆಟದಲ್ಲಿ ಬಾಯಿಗೆ ಬಂದಂತೆ ಮಾತಾಡಿದರೆ ಕೂರಬೇಕು, ಅಷ್ಟೇ.

2025ರಲ್ಲಿ ನಾವು ಪಟ್ಟಿಯಲ್ಲಿ ಮೊದಲ ಸ್ಥಾನ. ರಾಂಕಿನ್ ಇಲ್ಲದೆ ಎರಡೂ ಫೈನಲ್ ಸೋತೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವಾ? ಇರಬಹುದು. ಅದಕ್ಕೆ ಎಎಫ್‌ಎಲ್ ಅನ್ನು ಬೈಯುತ್ತಾ ಕೂರುವುದಿಲ್ಲ.

ಪರ್ತ್ ಪಡಸಾಲೆ

ಟೋಬಿ ಗ್ರೀನ್ ಕೂಡ ಇದೆ. 2021ರ ಫೈನಲ್‌ನಲ್ಲಿ ವಾದ ಮಾಡುತ್ತಾ ಅಂಪೈರ್ ಮ್ಯಾಟ್ ಸ್ಟೆವಿಕ್‌ಗೆ ಮೈ ತಾಗಿಸಿಕೊಂಡು ಹೋದ. ಟ್ರಿಬ್ಯುನಲ್ 3 ಎಂದಿತು, ಎಎಫ್‌ಎಲ್ ಮೇಲ್ಮನವಿ ಮಾಡಿ 6 ಮಾಡಿಸಿತು. ಅದೇ ಗ್ರೀನ್ 2023ರಲ್ಲಿ ವರ್ಷದ ಶ್ರೇಷ್ಠ ಆಟಗಾರರ ಆಲ್-ಆಸ್ಟ್ರೇಲಿಯನ್ ತಂಡದ ನಾಯಕ. ಆಟಗಾರ ಬದಲಾಗುತ್ತಾನೆ.

ಭಾನುವಾರದ ಶಿಳ್ಳೆ

ಆ ಆರು ವಾರ ನಮ್ಮಂಥವರಿಗೆ ಎಷ್ಟು ಉಪಕಾರ ಮಾಡಿತು ಗೊತ್ತಾ? ಟಿವಿಯಲ್ಲಿ ಹೀರೋ ಅಂಪೈರ್‌ಗೆ ಕೈ ಬೀಸಿ ಕೂಗಿದರೆ, ಭಾನುವಾರ ಹತ್ತು ವರ್ಷದ ಹುಡುಗನ ಅಪ್ಪ ಬೇಲಿ ಆಚೆಯಿಂದ ನನಗೆ ಅದನ್ನೇ ಮಾಡುತ್ತಾನೆ. 2022ರಲ್ಲಿ ತೋಳು ಚಾಚಿ ‘ಏನಿದು?’ ಎಂದರೂ 50 ಮೀಟರ್ ದಂಡ ಎಂದಾಗ ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಟಾರ್ನೀಟ್ ಹೊಸಬ

ಕೊನೆಯದಾಗಿ, ಇವತ್ತು ಮೇನಾರ್ಡ್ ಹಾಗೆ ಹಾರಿದರೆ ಏನಾಗುತ್ತದೆ?

ಭಾನುವಾರದ ಶಿಳ್ಳೆ

2024ಕ್ಕೆ ನಿಯಮ ಬದಲಿಸಿದರು. ಸ್ಮದರ್‌ಗೆ ನೆಲ ಬಿಟ್ಟು ಹಾರಿ ಎದುರಾಳಿಯ ತಲೆಗೆ ತಾಗಿದರೆ, ವಿಶೇಷ ಕಾರಣ ಇಲ್ಲದಿದ್ದರೆ, ಕನಿಷ್ಠ ಅಜಾಗರೂಕತೆ ಎಂದೇ ಲೆಕ್ಕ. ಬ್ರೇಶಾಗೆ ಬಿದ್ದಂಥ ಪೆಟ್ಟಾದರೆ ಮೂರು ಆಟವಾದರೂ ಹೋಗುತ್ತದೆ.

ಕೆಂಪು-ನೀಲಿ

ಮೂರು ಆಟ! ಕಾಲಿಂಗ್‌ವುಡ್‌ಗೆ ಆಮೇಲೆ ಉಳಿದಿದ್ದು ಎರಡೇ ಆಟ, ಪ್ರಿಲಿಮಿನರಿ ಮತ್ತು ಗ್ರ್ಯಾಂಡ್ ಫೈನಲ್. ಎರಡರಲ್ಲೂ ಮೇನಾರ್ಡ್ ಇರುತ್ತಿರಲಿಲ್ಲ. ಗ್ರ್ಯಾಂಡ್ ಫೈನಲ್ ಗೆದ್ದಿದ್ದು 90–86, ನಾಲ್ಕೇ ಪಾಯಿಂಟ್. ಈಗ ಹೇಳಿ ಕಪ್ಪು-ಬಿಳುಪು ಸ್ವಾಮಿ.

ಕಪ್ಪು-ಬಿಳುಪು

ಮೊದಲು ಶಿಳ್ಳೆಯವರ ನಿಯಮ ಹಿಂದಿನ ವರ್ಷಕ್ಕೆ ಅನ್ವಯಿಸುವ ಯಂತ್ರ ತನ್ನಿ. ಆಮೇಲೆ 2018ರ ಬ್ಲಾಕ್‌ಗೂ ಅದನ್ನೇ ಹಾಕೋಣ. ಅಷ್ಟಕ್ಕೂ ನಾಲ್ಕು ಪಾಯಿಂಟ್‌ನಿಂದ ಸೋತಿದ್ದು ಬ್ರಿಸ್ಬೇನ್. ಅವರೇ ಸುಮ್ಮನಿದ್ದಾರೆ, ನಿಮಗೇನು?

ಗಬ್ಬಾ ಗೆಳೆಯ

ಯಾರೋ ಬ್ರಿಸ್ಬೇನ್ ಎಂದು ಕರೆದ ಹಾಗಾಯಿತು. ಶುರುವಿನಿಂದ ಓದುತ್ತಾ ಕೂತಿದ್ದೆ. ನಮ್ಮದು ಯಾವ ದೂರೂ ಇಲ್ಲ, 2024ರ ಕಪ್ಪೂ 2025ರ ಕಪ್ಪೂ ಇಲ್ಲೇ ಇವೆ. ನೀವು ಮುಂದುವರಿಸಿ.